ಯಾವ ಫ್ಯಾನ್ ಹತ್ತಿರ, ತಮ್ಮಾ?

ನಿನ್ನೆ ರಾತ್ರಿ ಅಕ್ಕ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತಿದ್ದಳು. ಯಾರಿಗೂ ಒಂದು ಮಾತು ಬೈಯಲಿಲ್ಲ. ಅದನ್ನು ನೋಡಿ ನನಗೆ ಸಿಟ್ಟು ಇನ್ನೂ ಜಾಸ್ತಿಯಾಯಿತು. ಅವಳು ಬೈಯುವುದಿಲ್ಲ, ಹಾಗಾಗಿ ನಾನೇ ಬೈಯುತ್ತೇನೆ.

ಭಾನುವಾರ ಒಂದು ಟ್ರೆಕ್ ಗುಂಪಿನ ಜೊತೆ ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಹೋಗಿದ್ದೆವು. ಹುಬ್ಬಳ್ಳಿಯಿಂದ ಬಸ್ಸು, ಗದಗದಲ್ಲಿ ಅಕ್ಕನನ್ನು ಹತ್ತಿಸಿಕೊಂಡೆವು. ರೊಕ್ಕ ಕಟ್ಟುವ ಮುಂಚೆಯೇ ನಾನು ಫೋನ್ ಮಾಡಿ ಕೇಳಿದ್ದೆ. ಅಕ್ಕನಿಗೆ 56 ವರ್ಷ, ಮೊಣಕಾಲು ಸ್ವಲ್ಪ ನೋವು, ನಿಧಾನ ನಡೆಯುತ್ತಾಳೆ, ನಡೀತದಾ ಅಂತ. "ಏನೂ ಚಿಂತಿ ಮಾಡಬ್ಯಾಡ್ರಿ ಮೇಡಂ, ನಮ್ಮ ಹುಡುಗ ಒಬ್ಬ ಕಡೀತನಕ ಹಿಂದ ಇರ್ತಾನ" ಅಂದರು. ಇಪ್ಪತ್ತು ಜನ ಅಂದಿದ್ದರು. ಡೋಣಿ ಊರಿನ ಹತ್ತಿರ ಇಳಿದು ಎಣಿಸಿದರೆ ನಲವತ್ತೆಂಟು ಜನ. ಮುಂದೆ ಒಬ್ಬ ಹುಡುಗ, ಅವನ ಕೈಯಲ್ಲಿ ಹಾಡು ಹಚ್ಚಿದ ಸ್ಪೀಕರ್. ಹಿಂದೆ ಯಾರೂ ಇಲ್ಲ.

ಈ ಗುಡ್ಡ ಅಂದರೆ ಅಕ್ಕನಿಗೆ ಏನು ಅಂತ ಹೇಳಲೇಬೇಕು. ಗಣಿಗಾರಿಕೆಯ ಭಯದಲ್ಲಿ 2017ರಲ್ಲಿ ಗದಗದಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಧರಣಿ ನಡೆಯಿತಲ್ಲ, ಅದರಲ್ಲಿ ಅಕ್ಕ ಬುತ್ತಿ ಕಟ್ಟಿಕೊಂಡು ಹೋಗಿ ಕೂತಿದ್ದಳು. 2019ರಲ್ಲಿ ಇಲ್ಲಿನ 244 ಚದರ ಕಿಲೋಮೀಟರ್ ಕಾಡು ವನ್ಯಜೀವಿಧಾಮ ಆಯಿತು. ಅವತ್ತು ಮನೆಯಲ್ಲಿ ಹೋಳಿಗೆ ಮಾಡಿದ್ದಳು. ಆದರೆ ಗುಡ್ಡ ಹತ್ತುವುದು ಮಾತ್ರ ಆಗಿರಲಿಲ್ಲ. ಮನೆ, ಮಕ್ಕಳು, ಅತ್ತೆಯ ಆರೈಕೆ. ಈ ಸಲ ನಾನೇ ಹಟ ಮಾಡಿ ಎಬ್ಬಿಸಿದೆ.

ಅರ್ಧ ತಾಸಿನಲ್ಲಿ ಗುಂಪು ಮುಂದೆ ಹೋಗಿಬಿಟ್ಟಿತು. ಬಾದೆ ಹುಲ್ಲು ಎದೆಮಟ್ಟ ಬೆಳೆದಿದೆ, ಮಳೆಗೆ ಕಲ್ಲು ಜಾರುತ್ತದೆ. ಅಕ್ಕ ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ನಾನು ಕೂಗಿದೆ. ಆ ಹುಡುಗ ತಿರುಗಿ ನೋಡಿ, "ಆಂಟಿ, ನೀವು ಆರಾಮ ಬರ್ರಿ, ಮುಂದಿನ ಫ್ಯಾನ್ ಹತ್ರ ಸಿಗ್ತೇವಿ" ಅಂದ. ಹೋದ.

ಯಾವ ಫ್ಯಾನ್ ಹತ್ತಿರ, ತಮ್ಮಾ? ಅಲ್ಲಿ ಗುಡ್ಡದ ನೆತ್ತಿಯ ಉದ್ದಕ್ಕೂ ಕರೆಂಟು ತೆಗೆಯುವ ಗಾಳಿ ಫ್ಯಾನ್‌ಗಳೇ. ಎಲ್ಲವೂ ಒಂದೇ ಥರ. ದಾರಿ ಎರಡು ಕಡೆ ಒಡೆದಾಗ ನಮಗೆ ಎರಡೂ ಕಡೆ ಫ್ಯಾನ್ ಕಂಡವು. ಫೋನಿಗೆ ಸಿಗ್ನಲ್ ಇಲ್ಲ. ಮೋಡ ಸರಿದ ಮೇಲೆ ಬಿಸಿಲು ಚುರುಗುಟ್ಟಿತು. ಇದೇನು ಮಲೆನಾಡಿನ ಕಾಡಲ್ಲ. ಕುರುಚಲು ಗಿಡ, ತಂಗಡಿ ಪೊದೆ, ನೆರಳು ಕಡಿಮೆ. ನೀರಿನ ಕ್ಯಾನು ಇದ್ದದ್ದು ಅವರ ಹತ್ತಿರ, ನಮ್ಮ ಬಾಟಲಿ ಖಾಲಿ. ಚಿರತೆ, ತೋಳ, ಕತ್ತೆಕಿರುಬ ಇರುವ ಕಾಡು ಇದು. ಅಂಥ ಜಾಗದಲ್ಲಿ ಇಬ್ಬರು ಹೆಂಗಸರನ್ನು ಬಿಟ್ಟು ಹೋಗುತ್ತಾರಾ ಯಾರಾದರೂ?

ಗುಡ್ಡ ಹತ್ತಿಸುವವರಿಗೆ ಇದು ಮೊದಲ ಪಾಠ ಅಲ್ವಾ? ಮುಂದೊಬ್ಬ, ಹಿಂದೊಬ್ಬ. ದಾರಿ ಒಡೆಯುವಲ್ಲಿ ಎಲ್ಲರೂ ಬರುವತನಕ ನಿಲ್ಲಬೇಕು. ತಲೆ ಎಣಿಸಬೇಕು. ನಿಧಾನ ನಡೆಯುವವರು ಬಂದು ಮುಟ್ಟಿದ ತಕ್ಷಣ ಎದ್ದು ಹೊರಡುವುದಲ್ಲ, ಅವರಿಗೂ ಐದು ನಿಮಿಷ ಕೂರಲು ಬಿಡಬೇಕು. ಇದಕ್ಕೇನು ರೊಕ್ಕ ಖರ್ಚಾಗುತ್ತದಾ?

ನಮಗೆ ಸಿಕ್ಕಿದ್ದು ಕುರಿ ಕಾಯುವ ಒಬ್ಬ ಅಜ್ಜ. ತನ್ನ ಬಾಟಲಿಯ ನೀರನ್ನು ಅಕ್ಕನಿಗೆ ಕೊಟ್ಟ. "ಅವರು ಆ ಕಡಿ ಹೋದ್ರವ್ವ, ಹಾಡಿನ ಸಪ್ಪಳ ಕೇಳಿತ್ತು. ನೀವು ಈ ಕಾಲಿನಾಗ ಹೋಗಬ್ಯಾಡ್ರಿ, ಹೊತ್ತ ಮುಳಗೂದ್ರಾಗ ಕೆಳಗ ಇಳೀರಿ" ಅಂದ. ಕುರಿ ಬಿಟ್ಟು ಬರಲಾಗದೆ ಮೊಮ್ಮಗನನ್ನು ಜೊತೆಗೆ ಕಳಿಸಿದ. ಆ ಹುಡುಗನಿಗೆ ಹನ್ನೆರಡು ವರ್ಷ ಇರಬಹುದು. ಜಾರುವ ಕಡೆಯೆಲ್ಲಾ ನಿಂತು ಅಕ್ಕನಿಗೆ ಕೈ ಕೊಟ್ಟ. ದಾರಿಯಲ್ಲಿ ಮಧುನಾಶಿನಿ ಬಳ್ಳಿ ತೋರಿಸಿ, ಎಲೆ ಅಗಿದರೆ ಸಕ್ಕರೆ ತಿಂದರೂ ಸಿಹಿ ಹತ್ತೋದಿಲ್ಲ ಅಂದ. ಇಡೀ ದಿನದಲ್ಲಿ ಅಕ್ಕ ನಕ್ಕಿದ್ದು ಅಲ್ಲಿ ಮಾತ್ರ.

ಬಸ್ಸಿನ ಹತ್ತಿರ ಮೂರು ತಾಸು ಕಾದೆವು. ಸಂಜೆ ಐದೂವರೆಗೆ ಅವರು ಇಳಿದು ಬಂದರು. ನಾವಿಬ್ಬರು ಇಲ್ಲ ಅನ್ನುವುದು ಅಲ್ಲಿಯತನಕ ಯಾರಿಗೂ ಗೊತ್ತೇ ಆಗಿರಲಿಲ್ಲ! "ಓ, ನೀವು ಮೊದಲೇ ಇಳದ್ರೇನ್ರಿ?" ಅಂತ ಆ ಸ್ಪೀಕರ್ ಹುಡುಗ ಕೇಳಿದ. ಅಕ್ಕ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರೆ? ಇವರಿಗೆ ಯಾವಾಗ ಗೊತ್ತಾಗುತ್ತಿತ್ತು? ಹುಬ್ಬಳ್ಳಿಗೆ ಮುಟ್ಟಿದ ಮೇಲಾ?

ಇವತ್ತು ಬೆಳಿಗ್ಗೆ ಗುಂಪಿನಲ್ಲಿ ಫೋಟೋ ಹಾಕಿದ್ದಾರೆ, "ಎಲ್ಲರೂ ತುದಿ ಮುಟ್ಟಿದೆವು" ಅಂತ. ಆ ಎಲ್ಲರಲ್ಲಿ ನನ್ನ ಅಕ್ಕ ಇಲ್ಲ.

ನನಗೆ ನಿಮ್ಮ ರೊಕ್ಕ ವಾಪಸ್ ಬೇಡ. ಅಕ್ಕನಿಗೆ ಒಂದು ಫೋನ್ ಮಾಡಿ "ತಪ್ಪಾತ್ರಿ ಅಕ್ಕಾರ" ಅನ್ನಿ. ಹೆಸರು ಬರೆಸುವಾಗ ಅವಳ ನಂಬರ್ ಇಸ್ಕೊಂಡಿದ್ದೀರಿ, ನಿಮ್ಮ ಹತ್ತಿರ ಇದೆ.