ಭಾರವಾದ ಡಬ್ಬವೇ ಒಳ್ಳೆಯ ಪೇಂಟಾ? ಸತ್ಯಾಂಶ

'ಡಬ್ಬ ಎತ್ತಿ ನೋಡಿ. ಭಾರವಿದ್ದು, ಒಳಗೆ ಮೊಸರಿನಂತೆ ಗಟ್ಟಿಯಿದ್ದರೆ ಅದೇ ಅಸಲಿ ಪೇಂಟ್' ಎಂಬ ವಾಟ್ಸಾಪ್ ಸಂದೇಶ ಸರಿಯಲ್ಲ.

ಗೋಡೆಗೆ ಬಳಿಯುವ ನೀರಿನ ಪೇಂಟ್ ಆದ ಎಮಲ್ಷನ್‌ನಲ್ಲಿ ಮುಖ್ಯವಾಗಿ ಇರುವುದು ನೀರು, ಬಣ್ಣದ ಪುಡಿ, ಅಗ್ಗದ ಭರ್ತಿ ಪುಡಿ ಮತ್ತು ಅಂಟು. ಬಿಳುಪು ಕೊಟ್ಟು ಗೋಡೆಯ ಹಳೆ ಕಲೆ ಮುಚ್ಚುವುದು ಟೈಟಾನಿಯಂ ಡೈಆಕ್ಸೈಡ್, ಅದು ದುಬಾರಿ. ಹಾಗಾಗಿ ಸುಣ್ಣಕಲ್ಲಿನ ಪುಡಿ, ಟಾಲ್ಕ್ ಸೇರಿಸುತ್ತಾರೆ. ಅಳತೆಯಲ್ಲಿದ್ದರೆ ತಪ್ಪೇನಿಲ್ಲ. ಆದರೆ ಸುಣ್ಣಕಲ್ಲಿನ ಪುಡಿ ನೀರಿಗಿಂತ ಸುಮಾರು 2.7 ಪಟ್ಟು ಭಾರ, ಅಕ್ರಿಲಿಕ್ ಅಂಟು ನೀರಿಗಿಂತ ಸ್ವಲ್ಪವೇ ಹೆಚ್ಚು. ಅಂಟು ಕಡಿಮೆ ಮಾಡಿ ಪುಡಿ ತುಂಬಿದರೂ ಡಬ್ಬ ಭಾರವಾಗುತ್ತದೆ! ಗಟ್ಟಿತನವಂತೂ ಚಿಟಿಕೆ ಸೆಲ್ಯುಲೋಸ್ ಪುಡಿಯಿಂದಲೂ ಬರುತ್ತದೆ. ಕಿಲೋ ಲೆಕ್ಕದಲ್ಲಿ ಮಾರುವ ಡಿಸ್ಟೆಂಪರ್ ಎಷ್ಟು ಗಟ್ಟಿ ನೋಡಿ, ಬೆಲೆಯಲ್ಲಿ ಅದೇ ಕೆಳಗಿನದು.

ಬಾಳಿಕೆ ನಿಂತಿರುವುದು ಅಂಟಿನ ಮೇಲೆ. ಪುಡಿಯ ಕಣಗಳ ನಡುವಿನ ಸಂದು ತುಂಬುವಷ್ಟು ಅಂಟು ಇಲ್ಲದಿದ್ದರೆ ಪದರದಲ್ಲಿ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಕೊಳೆ, ನೀರು ಇಳಿದು, ಗೋಡೆಗೆ ಒರಗಿದರೆ ಅಂಗಿಗೆ ಬಿಳಿ ಪುಡಿ ಹತ್ತುತ್ತದೆ.

ಪರೀಕ್ಷಿಸಬೇಕೆ? ಪ್ರೈಮರ್ ಹಚ್ಚಿದ ಹಲಗೆಗೆ ಎರಡು ಕೋಟ್ ಬಳಿದು, ಏಳು ದಿನ ಬಿಟ್ಟು, ಒದ್ದೆ ಬಟ್ಟೆಯಿಂದ ಮೂವತ್ತು ಸಲ ಉಜ್ಜಿ. ತಿಳಿ ಬಣ್ಣ ಧಾರಾಳವಾಗಿ ಬಟ್ಟೆಗೆ ಬಂದರೆ ಅಂಟು ಕಡಿಮೆ. (ಗಾಢ ಬಣ್ಣಗಳು ಸ್ವಲ್ಪ ಬಿಡುವುದು ಸಹಜ.)

ಪೇಂಟರ್ ನೀರು ಬೆರೆಸುವುದೂ ಮೋಸವಲ್ಲ, ಡಬ್ಬದ ಮೇಲೆ ಬರೆದ ಅಳತೆ ಮೀರಬಾರದು ಅಷ್ಟೇ.