ಬಾಣಂತನದ ವೀಸಾ ಮತ್ತು ಇಂಕಾ ದೊರೆಗಳ ಹೆಬ್ಬಾಗಿಲು

ಪೆರು ದೇಶಕ್ಕೆ ಪ್ರವಾಸ ಹೋಗಬೇಕೆಂದಿರುವವರು ಮಗಳನ್ನು ಅಮೆರಿಕಕ್ಕೆ ಕೊಟ್ಟಿದ್ದರೆ ಅನುಕೂಲ. ಇದು ನನ್ನ ಕುಹಕವಲ್ಲ; 2017ರಿಂದ ಜಾರಿಯಲ್ಲಿರುವ ಪೆರು ಸರ್ಕಾರದ ನಿಯಮವೇ, ಮಗಳು ಎಂಬ ಮಾತೊಂದನ್ನು ಬಿಟ್ಟು, ಹೆಚ್ಚುಕಡಿಮೆ ಹೀಗೆ ಹೇಳುತ್ತದೆ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಒಂದೇ ವೀಸಾದಲ್ಲಿ ಸುತ್ತಬಹುದಾದ ಯೂರೋಪಿನ ಷೆಂಗೆನ್ ದೇಶಗಳ ವೀಸಾ, ಅದರಲ್ಲೂ ಕನಿಷ್ಠ ಆರು ತಿಂಗಳ ಅವಧಿಯುಳ್ಳದ್ದು, ಕೈಯಲ್ಲಿದ್ದರೆ ಭಾರತೀಯ ಪ್ರವಾಸಿಗೆ ಪೆರುವಿನ ವೀಸಾ ಬೇಕಿಲ್ಲ. ಅವನು ಅಲ್ಲಿ 180 ದಿನಗಳವರೆಗೆ ನಿಶ್ಚಿಂತೆಯಿಂದ ಇರಬಹುದು. ಅಂಥ ವೀಸಾ ನಮ್ಮ ಕಡೆಯ ನಿವೃತ್ತರ ಕೈಗೆ ಬರುವ ರಾಜಮಾರ್ಗವೆಂದರೆ ಬಾಣಂತನ. ಮೆಂತ್ಯದ ಹಿಟ್ಟು, ಬಜೆಪುಡಿ, ಅಂಟಿನುಂಡೆಗಳ ಡಬ್ಬಿಗಳೊಂದಿಗೆ ನ್ಯೂಜೆರ್ಸಿಗೋ ಟೆಕ್ಸಾಸಿಗೋ ಹೋಗಿಬರಲೆಂದು ದೊರೆತ ಹತ್ತು ವರ್ಷದ ವೀಸಾ, ಮೊಮ್ಮಗುವಿಗೆ ಹಲ್ಲು ಬಂದು ಬಿದ್ದು ಮತ್ತೆ ಬಂದ ಮೇಲೂ ಜೀವಂತವಾಗಿದ್ದು, ಪೆರುವನ್ನು ಹಿಂದೆ ಆಳಿದ ಇಂಕಾ ದೊರೆಗಳ ಹೆಬ್ಬಾಗಿಲಿನ ಬೀಗದ ಕೈಯಾಗುತ್ತದೆ.

ನಮ್ಮ ಬೀದಿಯಲ್ಲಿ ಇಬ್ಬರು ನಿವೃತ್ತರಿದ್ದಾರೆ. ಒಬ್ಬರು ಬ್ಯಾಂಕಿನ ರಾಯರು. ಎರಡು ಬಾಣಂತನ ಮುಗಿಸಿದ ಅಜ್ಜ, ಪೆರುವಿನ ಬೆಟ್ಟದ ಮೇಲಿರುವ ಇಂಕಾ ಪಾಳುನಗರ ಮಾಚು ಪಿಚು ಎಂದರೆ ಮೊನ್ನೆ ಮೊನ್ನೆಯವರೆಗೂ ಯಾವುದೋ ಕುರುಕಲು ತಿಂಡಿಯೆಂದು ತಿಳಿದಿದ್ದವರು. ಇನ್ನೊಬ್ಬರು ಇತಿಹಾಸದ ಮೇಷ್ಟ್ರು. ಇಂಕಾ ಜನರು ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ್ದನ್ನು ಎರಡು ತಲೆಮಾರಿನ ಹುಡುಗರಿಗೆ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದವರು. ಮೇಷ್ಟ್ರ ಒಬ್ಬನೇ ಮಗ ದಾವಣಗೆರೆಯಲ್ಲಿದ್ದಾನೆ. ಇಬ್ಬರೂ ಕೂಡಿ ಪೆರುವಿಗೆ ಹೋಗುವುದೆಂದು ನಿಶ್ಚಯವಾದಾಗ, ರಾಯರಿಗೆ ಆ ದೇಶದ ಬಾಗಿಲು ತೆರೆದೇ ಇದೆಯೆಂದೂ ಮೇಷ್ಟ್ರು ಮಾತ್ರ ದೆಹಲಿಯ ರಾಯಭಾರ ಕಚೇರಿಗೆ ಅರ್ಜಿ ಹಾಕಬೇಕೆಂದೂ ತಿಳಿದುಬಂದಿತು. ನಮ್ಮಲ್ಲಿ ಹಿಂದೆ ಅಂಕಪಟ್ಟಿಯ ನಕಲಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕಿತ್ತಷ್ಟೆ. ನಮ್ಮ ಮುಖವನ್ನೇ ನೋಡಿರದ ಅಧಿಕಾರಿ ನಮ್ಮನ್ನು ಸಾಚಾ ಎಂದು ದೃಢೀಕರಿಸುತ್ತಿದ್ದ. ಆ ಪದ್ಧತಿ ನಮ್ಮಲ್ಲಿ ಹಳತಾಯಿತೆಂದು ಸಮಾಧಾನ ಪಡುವಷ್ಟರಲ್ಲಿ ಅದು ಜಗತ್ತಿನ ಮಟ್ಟದಲ್ಲಿ ಬಡ್ತಿ ಪಡೆದಿದೆ.

ಹೀಗೆ ದೃಢೀಕರಣಾಧಿಕಾರಿಗಳಾದ ದೇಶಗಳ ಪಟ್ಟಿಯನ್ನು ನೋಡಿ ಮೇಷ್ಟ್ರು ಒಂದು ದಿನವೆಲ್ಲ ಮೌನವಾಗಿದ್ದರು. ಷೆಂಗೆನ್ ಎಂದರೆ ಅದರೊಳಗೆ ಸ್ಪೇನ್ ಕೂಡ ಬಂತು. ಆ ಸ್ಪೇನಿನ ಫ್ರಾನ್ಸಿಸ್ಕೊ ಪಿಸಾರೊ ಎಂಬ ಪ್ರವಾಸಿಯು 1532ರಲ್ಲಿ 168 ಜನರ ತಂಡ ಕಟ್ಟಿಕೊಂಡು ಪೆರುವಿನ ಕಹಮಾರ್ಕ ಊರಿಗೆ ಬಂದಿಳಿದಾಗ ಅವನ ಬಳಿ ಹಿಂದಿರುಗುವ ಟಿಕೆಟ್ ಇರಲಿಲ್ಲ, ತಂಗುವ ಸ್ಥಳದ ಮುಂಗಡ ಕಾಯ್ದಿರಿಸುವಿಕೆಯೂ ಇರಲಿಲ್ಲ. ಖರ್ಚಿಗೆ ಸಾಕಷ್ಟು ಹಣವಿದೆಯೆಂಬ ಪುರಾವೆಯನ್ನು ಅವನು ಅಲ್ಲಿಗೆ ಹೋದ ಮೇಲೆಯೇ ಸಂಗ್ರಹಿಸಿದ: ಆತಿಥ್ಯಕ್ಕೆ ಬಂದ ದೊರೆ ಅತಾಹುವಾಲ್ಪನನ್ನೇ ಸೆರೆ ಹಿಡಿದು, ಬಿಡುಗಡೆಗೆಂದು ಒಂದು ಕೋಣೆಯ ತುಂಬ ಚಿನ್ನವನ್ನೂ ಅದರ ಇಮ್ಮಡಿ ಬೆಳ್ಳಿಯನ್ನೂ ಪಡೆದು, ಮರುವರ್ಷ ಆ ದೊರೆಯನ್ನು ಕೊಲ್ಲಿಸಿದ. ಅದೇ ಸ್ಪೇನಿನ ವೀಸಾ ಪಾಸ್‌ಪೋರ್ಟಿನಲ್ಲಿದ್ದರೆ, ಇಂದು ಅದು ತಮ್ಮ ನೆಲದಲ್ಲಿ ಸಭ್ಯವಾಗಿ ವರ್ತಿಸುವವನ ಗುರುತೆಂದು ಪೆರು ಒಪ್ಪುತ್ತದೆ. ಆರು ತಿಂಗಳು ಎಂಬ ಅಂಕುಶವನ್ನೂ ಮರೆಯಬಾರದು. ಪ್ಯಾರಿಸ್ ನೋಡಿಬರಲು ಇಪ್ಪತ್ತು ದಿನಕ್ಕಷ್ಟೇ ವೀಸಾ ಪಡೆದವನ ಸಚ್ಚಾರಿತ್ರ್ಯ ಇಪ್ಪತ್ತು ದಿನದ್ದೇ ಆದ್ದರಿಂದ, ಅದು ಪೆರುವಿನ ರಾಜಧಾನಿ ಲಿಮಾದಲ್ಲಿ ಚಲಾವಣೆಯಾಗದು.

ಇದರೊಳಗೆ ಇನ್ನೊಂದು ಸೊಗಸಿದೆ. ಪೆರುವಿನ ಪ್ರಜೆಯೇ ಅಮೆರಿಕಕ್ಕೆ ಹೋಗಬೇಕಾದರೆ ನಮ್ಮಂತೆಯೇ ಸಾಲಿನಲ್ಲಿ ನಿಂತು ವೀಸಾ ಬೇಡಬೇಕು. ದಕ್ಷಿಣ ಅಮೆರಿಕದಲ್ಲಿ ಆ ಕಷ್ಟ ತಪ್ಪಿರುವುದು ಚಿಲಿಯವರಿಗೆ ಮಾತ್ರ. ತನ್ನ ಮಕ್ಕಳನ್ನೇ ಹೊಸ್ತಿಲಾಚೆ ನಿಲ್ಲಿಸಿ ಪ್ರಶ್ನಿಸುವ ಪರಮನೆಯ ಯಜಮಾನನಿಂದ, ತನ್ನ ಮನೆಗೆ ಬರುವ ಅತಿಥಿಗೆ ಯೋಗ್ಯತಾಪತ್ರ ತರಿಸುವ ಪೆರುವಿನ ಔದಾರ್ಯ ಪುರಾಣಗಳಲ್ಲೂ ಅಪರೂಪ. ಹಾಗಾದರೆ ಮೇಷ್ಟ್ರು ಅಮೆರಿಕದ ವೀಸಾವನ್ನೇ ಪಡೆಯಬಾರದೇಕೆ ಎಂದು ಬೀದಿಯವರೆಲ್ಲ ಸಲಹೆಯಿತ್ತರು. ಅರ್ಜಿದಾರನು ಅಲ್ಲೇ ಬೀಡುಬಿಡುವ ಹುನ್ನಾರದಿಂದ ಬಂದಿದ್ದಾನೆಂದು ಮೊದಲೇ ಭಾವಿಸಿಕೊಂಡು, ಹಾಗಲ್ಲವೆಂದು ಸಾಬೀತುಪಡಿಸುವ ಹೊಣೆಯನ್ನು ಅವನ ಮೇಲೆಯೇ ಹೊರಿಸುವುದು ಅಲ್ಲಿಯ ಕಾನೂನು. ಹೆಣ್ಣು ನೋಡುವ ಶಾಸ್ತ್ರದಲ್ಲಾದರೂ ಉಪ್ಪಿಟ್ಟು ಕೇಸರಿಬಾತು ಮುಗಿಯುವಷ್ಟು ಹೊತ್ತು ಸಿಗುತ್ತದೆ. ಇಲ್ಲಿ ಗಾಜಿನ ಕಿಟಕಿಯ ಮುಂದೆ ಒಂದೆರಡು ನಿಮಿಷದಲ್ಲಿ ಮನೆ, ಮಕ್ಕಳು, ತೋಟ, ಪಿಂಚಣಿ ಇವೆಲ್ಲವೂ ತನ್ನನ್ನು ಊರಿಗೆ ಕಟ್ಟಿಹಾಕಿವೆ ಎಂದು ನಂಬಿಸಬೇಕು. 185 ಡಾಲರ್ ದಕ್ಷಿಣೆಯನ್ನು, ದೇವರು ಒಲಿಯಲಿ ಬಿಡಲಿ, ಹಿಂದಿರುಗಿಸುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಮುಂಬೈ, ದೆಹಲಿಗಳಲ್ಲಿ ಈ ದರ್ಶನಕ್ಕೆ 800ಕ್ಕೂ ಹೆಚ್ಚು ದಿನ ಕಾಯಬೇಕಾಗಿತ್ತು. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ದೂತಾವಾಸವು ವಿಜೃಂಭಣೆಯಿಂದ ಉದ್ಘಾಟನೆಗೊಂಡಿತಾದರೂ ಅಂದು ಅಲ್ಲಿ ವೀಸಾ ಒಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು.

ಮೇಷ್ಟ್ರು ದೆಹಲಿಯ ದಾರಿಯನ್ನೇ ಹಿಡಿದರು. ಅದಕ್ಕೆ ಬೇಕಾದ ಕಡತವನ್ನು ಅವರು ಸಿದ್ಧಪಡಿಸಿದ ಬಗೆಯನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಬ್ಯಾಂಕಿನ ಲೆಕ್ಕಪತ್ರದಲ್ಲಿ ಮೊತ್ತ ತೆಳುವಾಗಿ ಕಂಡದ್ದರಿಂದ ಅವರ ಭಾವಮೈದುನನ ಎರಡು ಲಕ್ಷ ರೂಪಾಯಿ ಮೂರು ತಿಂಗಳ ಮಟ್ಟಿಗೆ ಅವರ ಖಾತೆಗೆ ಅತಿಥಿಯಾಗಿ ಬಂದಿತು. ಯಾವ ವೀಸಾವನ್ನೂ ಕೇಳದೆ ಗಡಿ ದಾಟಿ, ಅವಧಿ ಮುಗಿದೊಡನೆ ಮರಳಿದ ಏಕೈಕ ಪ್ರವಾಸಿ ಆ ಹಣವೇ. ಭಾವಚಿತ್ರದಲ್ಲಿ ನಗಬಾರದೆಂಬ ಸೂಚನೆಯನ್ನು ಪಾಲಿಸುವುದು ಅಷ್ಟು ಹೊತ್ತಿಗೆ ಅವರಿಗೆ ಕಷ್ಟವಾಗಲಿಲ್ಲ. ವೀಸಾ ಸಿಗಬೇಕಾದರೆ ಹೋಗಿಬರುವ ಟಿಕೆಟ್ ತೋರಿಸಬೇಕು, ಟಿಕೆಟ್‌ಗೆ ಹಣ ಸುರಿಯಬೇಕಾದರೆ ವೀಸಾ ಸಿಗುವ ಭರವಸೆ ಬೇಕು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು. ಈ ಗಂಟನ್ನು ಬಿಡಿಸಲೆಂದೇ ಒಂದು ಗೃಹ ಕೈಗಾರಿಕೆ ಬೆಳೆದಿದೆ. ಕೆಲವು ನೂರು ರೂಪಾಯಿಗೆ ‘ಡಮ್ಮಿ ಟಿಕೆಟ್’ ಎಂಬ, ಎರಡೋ ಮೂರೋ ದಿನದಲ್ಲಿ ಆವಿಯಾಗುವ ಕಾಯ್ದಿರಿಸುವಿಕೆ ಸಿಗುತ್ತದೆ. ಕೊಡುವವನಿಗೂ ನೋಡುವವನಿಗೂ ಅದು ಡಮ್ಮಿಯೆಂದು ಗೊತ್ತು, ಆದರೂ ಅದಿಲ್ಲದ ಕಡತ ಅಪೂರ್ಣ. ಬಣ್ಣದ ಅಕ್ಕಿಯನ್ನು ಮುತ್ತೆಂದು ಧಾರೆಯೆರೆದರೆ ದೇವರು ಒಪ್ಪುವಂತೆ ಇದನ್ನೂ ಒಪ್ಪಿಕೊಳ್ಳುತ್ತಾರೆ. ಮೇಷ್ಟ್ರಿಗೆ ವೀಸಾ ಬಂತು.

ಹೊರಡುವ ದಿನ ತಡೆಗೆ ಸಿಕ್ಕವರು ಮಾತ್ರ ರಾಯರು. ಭಾರತದಿಂದ ಪೆರುವಿಗೆ ನೇರ ವಿಮಾನವಿಲ್ಲ. ಅಮೆರಿಕದಲ್ಲಿ ಬರಿದೇ ವಿಮಾನ ಬದಲಿಸಲಿಕ್ಕೂ ಅಲ್ಲಿಯ ವೀಸಾ ಬೇಕಾದ್ದರಿಂದ ಮೇಷ್ಟ್ರ ಸಲುವಾಗಿ ದೋಹಾ, ಸಾವ್ ಪೌಲೊಗಳನ್ನು ಸುತ್ತುವ ಟಿಕೆಟ್ ತೆಗೆಸಿದ್ದರು. ವಿಮಾನ ನಿಲ್ದಾಣದ ಮುಂಗಟ್ಟೆಯಲ್ಲಿದ್ದ ವಿಮಾನ ಸಂಸ್ಥೆಯ ತರುಣಿ ‘ಸರ್, ಪೆರು ವೀಸಾ ಎಲ್ಲಿ?’ ಎಂದಳು. ‘ನಂಗೆ ಬೇಕಾಗಿಲ್ಲಮ್ಮ’ ಎಂದು ರಾಯರು ಹೆಮ್ಮೆಯಿಂದ ಹೇಳಿದರು. ಪರದೇಶದವರು ಒಳಗೆ ಬಿಡದ ಪ್ರಯಾಣಿಕನನ್ನು ವಾಪಸು ಹೊತ್ತು ತರುವ ಖರ್ಚೂ ದಂಡವೂ ವಿಮಾನ ಸಂಸ್ಥೆಯ ತಲೆಗೇ ಬರುವುದರಿಂದ, ಪೆರು ಸರ್ಕಾರಕ್ಕಿಂತ ಹೆಚ್ಚು ಪೆರುವಿನ ಚಿಂತೆ ಇವರಿಗೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ. ಮೂವರು ಮೇಲಧಿಕಾರಿಗಳು, ಒಂದು ಗಣಕಯಂತ್ರ, ಮುಕ್ಕಾಲು ಗಂಟೆ. ವೀಸಾ ಉಳ್ಳ ಮೇಷ್ಟ್ರು ಕುರ್ಚಿಯ ಮೇಲೆ ಕುಳಿತು ಪತ್ರಿಕೆ ಓದಿದರು.

ಮಾಚು ಪಿಚುವಿನ ವೈಭವವನ್ನು ಬಣ್ಣಿಸುವವರು ಬೇಕಾದಷ್ಟಿದ್ದಾರೆ. ದಿನಕ್ಕೆ ಸಾಮಾನ್ಯವಾಗಿ 4,500 ಜನರಿಗೆ ಮಾತ್ರ ಪ್ರವೇಶವಿದೆಯೆಂದೂ, ಟಿಕೆಟ್ಟಿನಲ್ಲಿ ನಮೂದಿಸಿದ ಹಾದಿಯಲ್ಲೇ ನಡೆಯಬೇಕೆಂದೂ, ಅದಕ್ಕಿಂತ ಸಾವಿರ ಮೀಟರ್ ಎತ್ತರದಲ್ಲಿರುವ ಕುಸ್ಕೊ ನಗರದಲ್ಲಿ ಇಳಿದ ದಿನವೇ ಓಡಾಡಿದರೆ ತಲೆ ಸಿಡಿಯುವುದೆಂದೂ ತಿಳಿದಿದ್ದರೆ ಸಾಕು. ಅಲ್ಲಿಯ ಬಾಗಿಲ ಬಳಿ ಒಂದು ಸ್ಮರಣಿಕೆಯ ಠಸ್ಸೆ ಇರುತ್ತದೆ. ಯಾರು ಬೇಕಾದರೂ ತಮ್ಮ ಪಾಸ್‌ಪೋರ್ಟಿನ ಮೇಲೆ ತಾವೇ ಒತ್ತಿಕೊಳ್ಳಬಹುದು. ಬ್ಯಾಂಕಿನ ಲೆಕ್ಕಪತ್ರ ಕೇಳದೆ, ಮುಖ ಗಂಟಿಕ್ಕದೆ, ಜಗತ್ತಿನಲ್ಲಿ ಪ್ರವಾಸಿಗೆ ಪ್ರೀತಿಯಿಂದ ಸಿಗುವ ಮುದ್ರೆ ಅದೊಂದೇ ಇರಬೇಕು, ಮತ್ತು ಪಾಸ್‌ಪೋರ್ಟನ್ನು ಕೆಡಿಸಿದಂತಾಯಿತೆಂದು ವಿಮಾನ ಹತ್ತಲು ಬಿಡದಿರುವ ಸಂಭವವಿರುವುದೂ ಅದೊಂದರಿಂದಲೇ. ಕಾಗದದ ಭಯವನ್ನು ಅರಿತಿದ್ದ ಮೇಷ್ಟ್ರು ಅದನ್ನು ದಿನಚರಿಯ ಮೇಲೆ ಒತ್ತಿಕೊಂಡರು.

ಆ ಭಯವೇ ಅವರನ್ನು ಊರಿನಲ್ಲಿಯೂ ಕಾಯ್ದಿತು. ಸೊಳ್ಳೆಯಿಂದ ಹರಡುವ ಹಳದಿ ಜ್ವರದ ಲಸಿಕೆಯ ಪತ್ರವನ್ನು ಒಳಬರುವಾಗ ಪೆರು ಕೇಳುವುದಿಲ್ಲ. ಅಲ್ಲಿಂದ ಮರಳುವಾಗ ಭಾರತ ಕೇಳುತ್ತದೆ. 2,300 ಮೀಟರಿಗಿಂತ ಕೆಳಗಿನ ಕಾಡುನಾಡಿಗೆ ಹೋಗುವವರಿಗಷ್ಟೇ ಲಸಿಕೆ ಅಗತ್ಯವೆಂದು ತಜ್ಞರ ಮತ. ಮಾಚು ಪಿಚು ಇರುವುದು 2,430 ಮೀಟರ್ ಎತ್ತರದಲ್ಲಿ. ಆದರೆ ನಮ್ಮ ನಿಯಮ ಎತ್ತರವನ್ನು ಅಳೆಯುವುದಿಲ್ಲ, ದೇಶದ ಹೆಸರನ್ನು ಓದುತ್ತದೆ. ಪ್ರಯಾಣಕ್ಕೆ ಹತ್ತು ದಿನ ಮುಂಚೆಯೇ ಸರ್ಕಾರ ಗೊತ್ತುಪಡಿಸಿದ ಕೇಂದ್ರದಲ್ಲಿ, ವೈದ್ಯರು ಅರವತ್ತು ದಾಟಿದ ವಯಸ್ಸನ್ನು ಅಳೆದು ತೂಗಿದ ಮೇಲೆ, ಮೇಷ್ಟ್ರು ಚುಚ್ಚಿಸಿಕೊಂಡಿದ್ದರು. ಲಸಿಕೆಯ ಆ ಹಳದಿ ಪುಸ್ತಿಕೆ ಇನ್ನು ಜೀವಮಾನವಿಡೀ ನಡೆಯುತ್ತದೆ. ಬಾಗಿಲು ತೆರೆದಿದ್ದ ರಾಯರು ಯಾವ ಕಾಗದಕ್ಕೂ ತಲೆ ಕೆಡಿಸಿಕೊಂಡಿರಲಿಲ್ಲ. ಆದ್ದರಿಂದ ತಾಯ್ನಾಡಿನ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳು ಅವರನ್ನು, ಆರು ದಿನ ತುಂಬುವವರೆಗೆ, ಸೊಳ್ಳೆ ನುಸುಳದ ಜಾಲರಿಯ ಕೋಣೆಗೆ ಕಳಿಸಿದರು. ಭಾರತದಲ್ಲಿ ಹಳದಿ ಜ್ವರವಿಲ್ಲ, ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ಡೆಂಗಿಯ ಕೆಲಸದಲ್ಲಿ ನಿರತವಾಗಿ ಮನೆಮನೆಯಲ್ಲೂ ಇದೆ. ಕರ್ನಾಟಕ ಸರ್ಕಾರವು 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವ ನಗರದ ಮನೆಗಳಿಗೆ 400 ರೂಪಾಯಿ ದಂಡ ಗೊತ್ತುಮಾಡಿತ್ತು.

ಮೇಷ್ಟ್ರು ಮರುದಿನ ರಾಯರ ಮನೆಯ ಕಡೆ ಹೋದಾಗ ಗೇಟಿಗೆ ಒಂದು ಚೀಟಿ ಅಂಟಿಸಿತ್ತು. ಮಾಲೀಕರು ಊರಿನಲ್ಲಿಲ್ಲದ ಅವಧಿಯಲ್ಲಿ ತುಳಸಿ ಕಟ್ಟೆಯ ಪಕ್ಕದ ಹೂಕುಂಡದ ತಟ್ಟೆಯಲ್ಲಿ ನೀರು ನಿಂತು ಲಾರ್ವಾ ಕಂಡುಬಂದಿದ್ದರಿಂದ 400 ರೂಪಾಯಿ ಕಟ್ಟತಕ್ಕದ್ದು ಎಂದು ಅದರಲ್ಲಿ ಬರೆದಿತ್ತು.