ನೊರೆ ಬಂದರೆ ಕುದುರೆಯ ಗಾಯ ಮಾಯುತ್ತದೆಯೇ?

ಕುದುರೆಯ ಕಾಲಿನ ಗಾಯ ಬೇಗ ಮಾಯದಿದ್ದರೆ ದಿನಾ ಹೈಡ್ರೋಜನ್ ಪೆರಾಕ್ಸೈಡ್ (ರೋಗಾಣು ಕೊಲ್ಲಲು ಬಳಸುವ ದ್ರವ) ಸುರಿಯಿರಿ, ನೊರೆ ಬಂದಷ್ಟೂ ಕೀವು ಹೋಗುತ್ತದೆ ಎಂಬ ಮೆಸೇಜು ಆಗಾಗ ಬರುತ್ತಿರುತ್ತದೆ. ಕಳಿಸುವವರು ಅಕ್ಕರೆಯಿಂದಲೇ ಕಳಿಸುತ್ತಾರೆ. ಆದರೆ ಇದು ಸರಿಯಲ್ಲ.

ಹಸಿ ಆಲೂಗಡ್ಡೆ ಹೋಳಿನ ಮೇಲೆ ಎರಡು ಹನಿ ಪೆರಾಕ್ಸೈಡ್ ಹಾಕಿ ನೋಡಿ. ಅಲ್ಲೂ ನೊರೆ ಬರುತ್ತದೆ. ಆಲೂಗಡ್ಡೆಗೆ ಕೀವಾಗಿರಲಿಲ್ಲ, ಅಲ್ವಾ? ಜೀವಕೋಶಗಳಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವ ಪೆರಾಕ್ಸೈಡನ್ನು ಒಡೆದಾಗ ಬರುವ ಆಮ್ಲಜನಕದ ಗುಳ್ಳೆಗಳು ಅವು. ದಿನಾ ಸುರಿದರೆ ಹೊಸದಾಗಿ ಕೂಡಿಕೊಳ್ಳುತ್ತಿರುವ ಚರ್ಮಕ್ಕೇ ಪೆಟ್ಟು.

ಕುದುರೆಯ ಕಾಲಿನ ಕೆಳಭಾಗದಲ್ಲಿ ಮಾಂಸಖಂಡ ಇಲ್ಲವೆನ್ನುವಷ್ಟು ಕಡಿಮೆ, ರಕ್ತದ ಓಡಾಟವೂ ಕಡಿಮೆ. ಕಾಲು ಸುಮ್ನೆ ಇರುವುದೂ ಇಲ್ಲ. ಹಾಗಾಗಿ ಅಲ್ಲಿ ಗಾಯ ಮಾಯುವುದೇ ನಿಧಾನ. ಕುದಿಸಿ ಆರಿಸಿದ 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ ತೊಳೆಯಿರಿ. ಪಕ್ಕದಲ್ಲಿ ನಾಣ್ಯ ಹಿಡಿದು ವಾರಕ್ಕೊಂದು ಫೋಟೋ ತೆಗೆದರೆ ಗಾಯ ಕುಗ್ಗುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಕೆಂಪು ಮಾಂಸ ಚರ್ಮಕ್ಕಿಂತ ಮೇಲೆ ಉಬ್ಬಿದರೆ, ಕುದುರೆ ಕುಂಟಿದರೆ ಪಶುವೈದ್ಯರಿಗೆ ತೋರಿಸಿ. ಧನುರ್ವಾಯು ಕುದುರೆಗಳಿಗೆ ಬೇಗ ತಗಲುತ್ತದೆ. ಗಾಯ ಚಿಕ್ಕದಾದರೂ ಲಸಿಕೆಯ ಬಗ್ಗೆ ಕೇಳಿ.

ಇನ್ನು ಇಂಥ ಮೆಸೇಜು ಬಂದಾಗ ಎಷ್ಟು ಹಾಕಬೇಕು, ಯಾವಾಗ ನಿಲ್ಲಿಸಬೇಕು ಅಂತ ಬರೆದಿದೆಯಾ ನೋಡಿ. ಸಾಮಾನ್ಯವಾಗಿ ಇರುವುದಿಲ್ಲ.